ಮಗ ಕಾನ್ವೆಂಟಿಗೆ, ಮಗಳು ಸರ್ಕಾರಿ ಶಾಲೆಗೆ

ನಮ್ಮ ಮನೆಯಲ್ಲಿ ಎರಡೂ ಇವೆ. ಮಗ ಎಲ್‌ಕೆಜಿಯಿಂದಲೂ ತಾಲ್ಲೂಕು ಪಟ್ಟಣದ ಕ್ಯಾಥೊಲಿಕ್ ಕಾನ್ವೆಂಟಿಗೆ ಹೋಗುತ್ತಿದ್ದಾನೆ, ಈಗ ನಾಲ್ಕನೇ ಕ್ಲಾಸು. ಮಗಳನ್ನು 2025ರ ಜೂನ್‌ನಲ್ಲಿ ನಮ್ಮೂರ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸಿದೆವು. ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಸರ್ಕಾರಿ ಶಾಲೆ.

ಕಾನ್ವೆಂಟ್ ಕೆಟ್ಟದ್ದು ಅಂತಲ್ಲ. ಸಿಸ್ಟರ್‌ಗಳು ಶಿಸ್ತಿನವರು. ಮಗನ ಕೈಬರಹ ಮುತ್ತು ಪೋಣಿಸಿದ ಹಾಗಿದೆ. ಧರ್ಮದ ವಿಷಯ ತುಂಬಾ ಜನ ಕೇಳುತ್ತಾರೆ. ಬೆಳಿಗ್ಗೆ ಪ್ರಾರ್ಥನೆ ಇದೆ. ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರಿಗೆ ಮಾರಲ್ ಸೈನ್ಸ್. ಅಷ್ಟೇ.

ನನ್ನನ್ನು ಸೋಲಿಸಿದ್ದು ಹೋಂವರ್ಕ್. ಅವನು ಒಂದನೇ ಕ್ಲಾಸಿನಲ್ಲಿದ್ದಾಗ ದಿನಾ ಡೈರಿಯಲ್ಲಿ ಬರುತ್ತಿತ್ತು: ಇಷ್ಟು ಪ್ರಶ್ನೋತ್ತರ ಬಾಯಿಪಾಠ, ನಾಳೆ ಡಿಕ್ಟೇಷನ್. ನಾನು ಓದಿದ್ದು ಕನ್ನಡ ಮೀಡಿಯಂ, ಎಸ್‌ಎಸ್‌ಎಲ್‌ಸಿವರೆಗೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಸಂಜೆಯಾದರೆ ಮಿಷನ್ ನಿಲ್ಲಿಸಿ ಅವನ ಜೊತೆ ಕೂರಬೇಕು.

ಒಂದು ಸಂಜೆ ‘ಫಾರ್ಮರ್ ಗ್ರೋಸ್ ಕ್ರಾಪ್ಸ್’ ಅಂತ ಹೇಳಿದ್ದೇ ಹೇಳುತ್ತಿದ್ದ. ಸ್ಪೆಲಿಂಗ್ ಒಂದೂ ತಪ್ಪಿಲ್ಲ. ಪಕ್ಕದಲ್ಲೇ ನಮ್ಮ ಮಾವ ಮೊರ ಹಿಡಿದು ರಾಗಿ ಕೇರುತ್ತಿದ್ದರು. “ಫಾರ್ಮರ್ ಅಂದ್ರೆ ಯಾರೋ?” ಅಂದೆ. ಗೊತ್ತಿಲ್ಲ ಅಂದ. “ಕ್ರಾಪ್ಸ್?” ಅದೂ ಗೊತ್ತಿಲ್ಲ. ತಾತನನ್ನು ತೋರಿಸಿ, ತಾತ ಬೆಳೀತಾರಲ್ಲ, ಅದೇ ಕಣೋ ಅಂದೆ. ಮಗು ಗಾಬರಿಯಾಯಿತು. “ಮಿಸ್ ಹಂಗೆ ಹೇಳಿಲ್ಲಮ್ಮ, ರಾಗಿ ಅಂತ ಬರೆದ್ರೆ ತಪ್ಪು ಹಾಕ್ತಾರೆ.”

ಆ ಮಾತು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಮಗಳ ಸರದಿ ಬಂದಾಗ ಗಟ್ಟಿ ಮನಸ್ಸು ಮಾಡಿದೆ.

ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ-ಕಲಿ. 1995ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲೇ ಶುರುವಾದ ಪದ್ಧತಿ ಇದು. ಮೂರೂ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ತಂಡ ತಂಡವಾಗಿ ನೆಲದ ಮೇಲೆ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಗೋಡೆಯ ಕೆಳಗಡೆ, ಮಕ್ಕಳ ಕೈಗೆ ಎಟುಕುವ ಹಾಗೆ, ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಕಪ್ಪು ಹಲಗೆ.

ಮೊದಮೊದಲು ನಮ್ಮ ಅತ್ತೆಗೆ ಚಿಂತೆ. ಮಗಳಿಗೆ ಅ ಆ ಇ ಈ ಬರುತ್ತಿರಲಿಲ್ಲ. ಅಲ್ಲಿ ಬರೆಯಲು ಸುಲಭವಾದ ಅಕ್ಷರಗಳು ಮೊದಲು: ರ, ಗ, ಸ, ದ, ಅ. ಒಂದು ದಿನ ನನ್ನ ಬಟ್ಟೆ ಮಾರ್ಕ್ ಮಾಡುವ ಚಾಕ್ ಎತ್ತಿಕೊಂಡು ಹೋಗಿ ಹಜಾರದ ನೆಲದ ಮೇಲೆ ‘ಗರಗಸ’ ಅಂತ ಬರೆದಳು. ಬರೆದವಳೇ ಹಿತ್ತಿಲಿಗೆ ಓಡಿ ತಾತನ ಗರಗಸವನ್ನೇ ಎಳೆದುಕೊಂಡು ಬಂದಳು! ಬೈದು ಕಿತ್ತಿಟ್ಟೆ. ಆದರೆ ಅವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಖರ್ಚು? ಮಗನಿಗೆ ಫೀಸು, ವ್ಯಾನು ಸೇರಿ ವರ್ಷಕ್ಕೆ 40,000 ದಾಟುತ್ತದೆ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಉಚಿತ ಸೀಟು ಕೇಳೋಣ ಅಂದರೆ, 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಅಂದಿದೆ. ಮಗಳಿಗೆ ಪುಸ್ತಕ, ಯೂನಿಫಾರ್ಮ್, ಹಾಲು, ಬಿಸಿಯೂಟ, ಮೊಟ್ಟೆ, ಎಲ್ಲ ಅಲ್ಲೇ.

ಸರ್ಕಾರಿ ಶಾಲೆಯಲ್ಲಿ ಬೇಜಾರಿನ ಸಂಗತಿ ಅಂದರೆ ಶಿಕ್ಷಕರನ್ನು ಪಾಠ ಮಾಡಲು ಬಿಡುವುದಿಲ್ಲ. 2025ರ ದಸರಾ ರಜೆಯನ್ನು ಜಾತಿ ಗಣತಿಗಾಗಿ ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಮಗ ಶಾಲೆಗೆ ಹೋದ, ಮಗಳು ಮನೆಯಲ್ಲಿ. ನಾನು ಮನೆಯಲ್ಲೇ ಇರುವವಳು, ನಡೆಯಿತು. ಇಬ್ಬರೂ ಹೊರಗೆ ದುಡಿಯುವ ಮನೆಯಾದರೆ ಕಷ್ಟ. ಇಂಗ್ಲಿಷ್ ಕೂಡ ಕಡಿಮೆಯೇ. ಒಂದನೇ ಕ್ಲಾಸಿನಿಂದ ಒಂದು ವಿಷಯವಾಗಿ ಇದೆ, ಆದರೆ ಅಣ್ಣನಷ್ಟು ಅವಳಿಗೆ ಬರುವುದಿಲ್ಲ. ಅದನ್ನು ಅಣ್ಣನ ಕೈಲೇ ಹೇಳಿಸುತ್ತಿದ್ದೇನೆ.

ಮಗನನ್ನು ಈಗ ಬಿಡಿಸುವುದಿಲ್ಲ, ಗೆಳೆಯರೆಲ್ಲ ಅಲ್ಲೇ ಇದ್ದಾರೆ. ಮಗಳು ಐದನೇ ಕ್ಲಾಸಿನವರೆಗಂತೂ ಇಲ್ಲೇ. ನೀವು ಸೇರಿಸುವುದಾದರೆ ಮೊದಲು ಎಷ್ಟು ಶಿಕ್ಷಕರಿದ್ದಾರೆ ಕೇಳಿ. ನಮ್ಮೂರಲ್ಲಿ ಮೂವರಿದ್ದಾರೆ. ಒಬ್ಬರೇ ಇದ್ದಿದ್ದರೆ ಮಗಳೂ ವ್ಯಾನ್ ಹತ್ತುತ್ತಿದ್ದಳು.