ನುಡಿಯಿಂದ ಯೂನಿಕೋಡ್‌ಗೆ ಹೋಗುವವರೇ, ‘ಎಲ್ಲ ಬದಲಿಸು’ ಒತ್ತಬೇಡಿ

ಒಕ್ಕಲುತನದ ಪದಗಳ ಮೇಲೆ ನನ್ನ ಪಿಎಚ್‌.ಡಿ. ಪ್ರಬಂಧ. 340 ಪುಟ, ಕೊನೆಗೊಂದು ಪದಪಟ್ಟಿ. ಅಷ್ಟನ್ನೂ ಹಳೇ ಲ್ಯಾಪ್‌ಟಾಪಿನಲ್ಲಿ ನುಡಿ ಫಾಂಟಿನಲ್ಲೇ ಟೈಪ್ ಮಾಡಿದ್ದೆ. ಅದು ಕೈಕೊಟ್ಟಿತು. ಹೊಸದಕ್ಕೆ ಲಿಬ್ರೆಆಫೀಸ್ ಅನ್ನುವ ಬರವಣಿಗೆಯ ತಂತ್ರಾಂಶ ಹಾಕಿಕೊಂಡು ಫೈಲ್ ತೆರೆದರೆ, ‘ಕನ್ನಡ’ ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ! ಹಳೇ ಫಾಂಟುಗಳ ಕತೆಯೇ ಹಾಗೆ. ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುತ್ತದೆ.

ಸಲ್ಲಿಸಲು ಒಂಬತ್ತು ದಿನ ಉಳಿದಿತ್ತು. ಅಂತರ್ಜಾಲದಲ್ಲಿ ಸಿಕ್ಕಿದ ಒಂದು ಪರಿವರ್ತಕಕ್ಕೆ ಇಡೀ ಪ್ರಬಂಧ ಸುರಿದೆ. ಅರ್ಧ ನಿಮಿಷದಲ್ಲಿ ಯೂನಿಕೋಡ್ ಬಂತು. ಖುಷಿಯಾಯಿತು, ಸುಳ್ಳು ಹೇಳಲ್ಲ.

ಮೊದಲು ಕಂಡದ್ದು ಅರ್ಕಾವತ್ತಿನ ಎಡವಟ್ಟು. ಹಳೇ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ನಾವು ಹೇಳುವ ಹಾಗೆ ‘ರ್’ ಮೊದಲು ಬರಬೇಕು. ಪರಿವರ್ತಕ ಈ ಅದಲುಬದಲು ಮಾಡಿರಲಿಲ್ಲ. ‘ವರ್ಷ’ ಹೋಗಿ ‘ವಷರ್’, ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’. ಗ್ರಂಥಸೂಚಿಯ ಇಂಗ್ಲಿಷ್ ಹೆಸರುಗಳಂತೂ ಅರ್ಥವಿಲ್ಲದ ಕನ್ನಡವಾಗಿದ್ದವು. ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಅಂತ ಪಾಪ ಅದಕ್ಕೇನು ಗೊತ್ತು?

ಇವೆಲ್ಲ ಕಣ್ಣಿಗೆ ಬೀಳುವ ತಪ್ಪು. ಕೂತು ತಿದ್ದಿದೆ. ನನ್ನನ್ನು ಮುಳುಗಿಸಿದ್ದು ಕಣ್ಣಿಗೆ ಬೀಳದ್ದು.

ಐದು ಪ್ರತಿ ಬೈಂಡ್ ಮಾಡಿಸಿ ಮಾರ್ಗದರ್ಶಕರ ಮುಂದಿಟ್ಟೆ. ಪದಪಟ್ಟಿ ತೆಗೆದವರೇ ಕೇಳಿದರು, ‘ಕುಂಟೆ ಯಾಕೆ ಎರಡು ಸಲ ಬಂದಿದೆ?’ ನೋಡಿದೆ. ಒಂದೇ ಪದ, ಬೇರೆ ಬೇರೆ ಜಾಗ, ಬೇರೆ ಬೇರೆ ಪುಟಸಂಖ್ಯೆ. ‘ಅಂಬಲಿ’, ‘ಬಂಡಿ’ಗಳದ್ದೂ ಅದೇ ಗತಿ. ಒಂದು ‘ಕುಂಟೆ’, ಇನ್ನೊಂದು ‘ಕು೦ಟೆ’. ವ್ಯತ್ಯಾಸ ಕಾಣಿಸ್ತಾ? ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ. ವರ್ಷಗಟ್ಟಲೆ ಎರಡನ್ನೂ ಬೆರೆಸಿ ಟೈಪ್ ಮಾಡಿದವನು ನಾನೇ. ಕಾಗದದ ಮೇಲೆ ಎರಡೂ ದುಂಡಗೇ ಬರುತ್ತವೆ, ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರ.

ಮನೆಗೆ ಬಂದು ಸೊನ್ನೆಯನ್ನೆಲ್ಲ ಅನುಸ್ವಾರ ಮಾಡು ಅಂತ ಒಂದೇ ಏಟಿಗೆ ‘ಎಲ್ಲ ಬದಲಿಸು’ ಒತ್ತಿದೆ. ಪದಪಟ್ಟಿ ಸರಿಹೋಯಿತು. ಮಾರನೇ ದಿನ ‘೧೯೭೦’ ಅಂತ ಹುಡುಕಿದರೆ ಒಂದೂ ಸಿಗಲಿಲ್ಲ. ಪುಟ ಕಣ್ಣೆದುರಿಗೇ ಇದೆ! ಇಸವಿ, ಎಕರೆ, ಪುಟಸಂಖ್ಯೆ, ಎಲ್ಲದರ ಸೊನ್ನೆಯೂ ಅನುಸ್ವಾರವಾಗಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಪದಗಳ ಒಳಗೆ ಅಡಗಿದ್ದ, ಕಣ್ಣಿಗೆ ಕಾಣದ ಚಿಹ್ನೆಗಳನ್ನು ಕಸ ಅಂದುಕೊಂಡು ಅವನ್ನೂ ಗುಡಿಸಿ ಹಾಕಿದೆ. ಅವು ಅಕ್ಷರ ಅಂಟಿಕೊಳ್ಳದಂತೆ ತಡೆಯುವ ಚಿಹ್ನೆಗಳು. ‘ಟ್ರ್ಯಾಕ್ಟರ್‌ನಿಂದ’ ಅನ್ನುವುದು ‘ಟ್ರ್ಯಾಕ್ಟರ್ನಿಂದ’ ಆಯಿತು.

ಹಳೇ ಫೈಲಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇತ್ತು, ಬಚಾವಾದೆ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಅಧ್ಯಾಯ ಅಧ್ಯಾಯವಾಗಿ, ಇಂಗ್ಲಿಷ್ ಭಾಗ ಮೊದಲೇ ಹೊರಗೆ ತೆಗೆದಿಟ್ಟು, ಪ್ರತಿ ಹಂತಕ್ಕೂ ಬೇರೆ ಹೆಸರಲ್ಲಿ ಉಳಿಸಿಕೊಂಡು. ಸೊನ್ನೆಗೆ ಮದ್ದು ಇದು: ಲಿಬ್ರೆಆಫೀಸಿನ ಹುಡುಕು-ಬದಲಿಸು ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ಸ್ (ಮಾದರಿ ಕೊಟ್ಟು ಹುಡುಕುವುದು) ಆಯ್ಕೆಗೆ ಗುರುತು ಹಾಕಿ, ಹುಡುಕುವ ಜಾಗದಲ್ಲಿ (?<=[ಅ-ೞ])೦ ಅಂತ ಕೊಡಿ, ಬದಲಿಸುವ ಜಾಗದಲ್ಲಿ ಅನುಸ್ವಾರ. ಹಿಂದೆ ಅಕ್ಷರ ಇರುವ ಸೊನ್ನೆ ಮಾತ್ರ ಬದಲಾಗುತ್ತದೆ, ಅಂಕಿಯ ಪಕ್ಕದ್ದು ಹಾಗೇ ಉಳಿಯುತ್ತದೆ. ಅರ್ಕಾವತ್ತಿಗೆ ಇಂಥ ಸುಲಭದ ದಾರಿ ನನಗೆ ಸಿಗಲಿಲ್ಲ. ‘ರ್’ನಲ್ಲಿ ಮುಗಿಯುವ ಪದ ಹುಡುಕಿದರೆ ‘ವಷರ್’ ಜೊತೆ ‘ಡಾಕ್ಟರ್’ ಕೂಡ ಬರುತ್ತದೆ, ಒಂದೊಂದೇ ನೋಡಿ ತಿದ್ದಬೇಕು. ನನಗೆ ಮೂರು ರಾತ್ರಿ ಹಿಡಿಯಿತು.

ಬೈಂಡಿಂಗ್ ಅಂಗಡಿಯವನು ಐದೂ ಪ್ರತಿ ಬಿಚ್ಚುತ್ತಾ, ‘ಮತ್ತೆ ಬರ್ತೀರಾ ಸಾರ್?’ ಅಂದ. ಬಂದೆ. 211ನೇ ಪುಟದಲ್ಲಿ ಇನ್ನೂ ಒಂದು ‘ವಷರ್’ ಉಳಿದಿತ್ತು.