ಒಂದೇ ಪಟ್ಟಿ, ಹಲವು ಸಲಹೆಗಾರರು: ಕಂಪ್ಯೂಟರ್ ಜೋಡಣೆಗೆ ಯಾರ ಮಾತು ನಂಬಬಹುದು?

ಸಲಹೆ ಕೊಡುವವರು ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಕೇಳಬೇಕು. ಬಿಡಿಭಾಗಗಳನ್ನು ಕೊಂಡು ಸ್ವತಃ ಕಂಪ್ಯೂಟರ್ ಜೋಡಿಸುವವರಿಗೆ ಅಂತರ್ಜಾಲದಲ್ಲಿ ಹತ್ತಾರು ಬಗೆಯ ಮಾರ್ಗದರ್ಶನ ಸಿಗುತ್ತದೆ. ಸರಿ ಹೇಳುವವರೂ ತಪ್ಪು ಹೇಳುವವರೂ ಒಂದೇ ದನಿಯಲ್ಲಿ ಹೇಳುತ್ತಾರೆ, ಅದೇ ತೊಂದರೆ. ಹಾಗಾಗಿ ನಾನು ಒಂದು ಬಿಡಿಭಾಗಗಳ ಪಟ್ಟಿ ಸಿದ್ಧಪಡಿಸಿ, ಅದರೊಳಗೆ ಬೇಕೆಂದೇ ಕೆಲವು ತೊಡಕುಗಳನ್ನು ಸೇರಿಸಿ, ಅದನ್ನೇ ಬೇರೆ ಬೇರೆ ಕಡೆ ಮುಂದಿಟ್ಟು ನೋಡಿದೆ. ಯಾರು ಯಾವುದನ್ನು ಹಿಡಿದರು, ಯಾವುದನ್ನು ಕಾಣದೆ ದಾಟಿದರು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಪಟ್ಟಿ ಹೀಗಿತ್ತು. ಎಎಂಡಿಯ ರೈಜೆನ್ 7 9700ಎಕ್ಸ್ ಪ್ರೊಸೆಸರ್, ಬಿ650 ಚಿಪ್‌ಸೆಟ್‌ನ (ಬೋರ್ಡಿನ ಸ್ಲಾಟು, ಪೋರ್ಟುಗಳನ್ನು ಬೆಸೆಯುವ ಚಿಪ್) ಮದರ್‌ಬೋರ್ಡ್, 16 ಜಿಬಿಯ ನಾಲ್ಕು ಡಿಡಿಆರ್5-6000 ಮೆಮೊರಿ ಕಡ್ಡಿಗಳು, ಮೂರು ಎಂ.2 ಎಸ್‌ಎಸ್‌ಡಿಗಳು (ಬೋರ್ಡಿನ ಮೇಲೆಯೇ ಕೂರುವ ತೆಳ್ಳನೆಯ ಸಂಗ್ರಹ ಸಾಧನಗಳು), ಬೋರ್ಡಿನ ತಳದ ಪಿಸಿಐಇ ಸ್ಲಾಟಿಗೆ (ಹೆಚ್ಚುವರಿ ಕಾರ್ಡ್ ಚುಚ್ಚುವ ಜಾಗ) ಒಂದು ನೆಟ್‌ವರ್ಕ್ ಕಾರ್ಡ್, ಮೂರು ಫ್ಯಾನಿನ ಉದ್ದನೆಯ ಗ್ರಾಫಿಕ್ಸ್ ಕಾರ್ಡ್, ಅದಕ್ಕೆ ಸ್ವಲ್ಪ ಗಿಡ್ಡವಾದ ಕ್ಯಾಬಿನೆಟ್. ಕೊನೆಗೆ, ಹೊಸ ಪವರ್ ಸಪ್ಲೈಗೆ ಬೇರೆ ಕಂಪನಿಯ ಹಳೆಯ ಪವರ್ ಸಪ್ಲೈನ ಕೇಬಲ್‌ಗಳನ್ನೇ ಬಳಸುತ್ತೇನೆ ಎಂಬ ಒಂದು ಸಾಲು.

ತೊಡಕುಗಳು ಎಲ್ಲೆಲ್ಲಿವೆ? ಬಿ650 ಬೋರ್ಡ್‌ಗಳು ಮಾರುಕಟ್ಟೆಗೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ, 9700ಎಕ್ಸ್ ಬಂದದ್ದು 2024ರ ಆಗಸ್ಟ್‌ನಲ್ಲಿ. ಪ್ರೊಸೆಸರ್ ಕೂರುವ ಸಾಕೆಟ್ ಒಂದೇ, ಎಎಂ5. ಆದರೆ ಗೋದಾಮಿನಲ್ಲಿ ಕುಳಿತಿದ್ದ ಹಳೆಯ ಬೋರ್ಡಿನ ಬಯೋಸ್‌ಗೆ, ಅಂದರೆ ಕಂಪ್ಯೂಟರನ್ನು ಚಾಲೂ ಮಾಡುವ ಮೂಲ ತಂತ್ರಾಂಶಕ್ಕೆ, ಹೊಸ ಪ್ರೊಸೆಸರಿನ ಪರಿಚಯವೇ ಇರುವುದಿಲ್ಲ. ಮೆಮೊರಿಯದು ಇನ್ನೂ ಸೂಕ್ಷ್ಮ. ಈ ಪ್ರೊಸೆಸರಿಗೆ ಎರಡು ಕಡ್ಡಿ ಹಾಕಿದರೆ ಎಎಂಡಿ ಅಧಿಕೃತವಾಗಿ ಒಪ್ಪುವ ವೇಗ ಡಿಡಿಆರ್5-5600, ನಾಲ್ಕು ಹಾಕಿದರೆ ಬರೀ 3600. ಉಳಿದವುಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಕ್ಯಾಬಿನೆಟ್ಟಿನಲ್ಲಿ ಹಿಡಿಸದು. ನಾನು ಆರಿಸಿದ ಬೋರ್ಡಿನಲ್ಲಿ ಮೂರನೆಯ ಎಂ.2 ತುಂಬಿದರೆ ತಳದ ಪಿಸಿಐಇ ಸ್ಲಾಟ್ ನಿಷ್ಕ್ರಿಯವಾಗುತ್ತದೆ. ಕೇಬಲ್ ವಿಷಯವಂತೂ ನಿಜಕ್ಕೂ ಅಪಾಯದ್ದು.

ಮೊದಲು ಪಿಸಿಪಾರ್ಟ್‌ಪಿಕರ್ ಬಗೆಯ ಹೊಂದಾಣಿಕೆ ತಾಣಗಳು. ಭಾಗಗಳನ್ನು ಒಂದೊಂದಾಗಿ ಆರಿಸುತ್ತಾ ಹೋದಂತೆ ಒಟ್ಟು ವಿದ್ಯುತ್ ಬೇಡಿಕೆಯ ಅಂದಾಜು ಕೊಡುತ್ತವೆ, ಕೂಡಿಬಾರದ ಜೋಡಿಗೆ ಕೆಂಪು ಪಟ್ಟಿ ತೋರಿಸುತ್ತವೆ. ಗ್ರಾಫಿಕ್ಸ್ ಕಾರ್ಡಿನ ಉದ್ದ ಕ್ಷಣದಲ್ಲಿ ಸಿಕ್ಕಿಬಿತ್ತು. ಬಯೋಸ್ ನವೀಕರಣ ಬೇಕಾಗಬಹುದು ಎಂಬ ಟಿಪ್ಪಣಿಯೂ ಬಂತು. ನಾಲ್ಕು ಕಡ್ಡಿಗಳ ಬಗ್ಗೆ ಚಕಾರವಿಲ್ಲ. ಕಡ್ಡಿ ಸ್ಲಾಟಿಗೆ ಕೂರುತ್ತದೆ, ತಾಣದ ಲೆಕ್ಕದಲ್ಲಿ ಅಷ್ಟು ಸಾಕು. ಕೇಬಲ್ ಬಗ್ಗೆ ಹೇಳಿಕೊಳ್ಳಲು ಅಲ್ಲಿ ಜಾಗವೇ ಇಲ್ಲ. ಆದರೂ ಇಂಥ ತಾಣಗಳ ಒಂದು ಗುಣ ನನಗೆ ಬಹಳ ಹಿಡಿಸಿತು: ಕೂಲರಿಗೂ ಎತ್ತರದ ಮೆಮೊರಿ ಕಡ್ಡಿಗೂ ನಡುವೆ ಜಾಗ ಉಳಿಯುತ್ತದೆಯೇ ಎಂಬಂಥದ್ದನ್ನು ತಾನು ಪರಿಶೀಲಿಸಲಾರೆ ಎಂದು ತಾಣವೇ ಪಟ್ಟಿಯ ಕೆಳಗೆ ಬರೆದುಕೊಳ್ಳುತ್ತದೆ. ತನ್ನ ಮಿತಿಯನ್ನು ತಾನೇ ಹೇಳುವ ಸಲಹೆಗಾರ ಅರ್ಧ ಕೆಲಸ ಮುಗಿಸಿಕೊಟ್ಟಂತೆ. ಹಸಿರು ಗುರುತು ಕಂಡೊಡನೆ ಕೊಳ್ಳಲು ಹೊರಡುವವರು ಆ ಸಾಲನ್ನು ಓದುವುದೇ ಇಲ್ಲ.

ಈಗ ಯಾರಿಗೂ ಬೇಡವಾದ ಮೂಲಕ್ಕೆ ಬರುತ್ತೇನೆ: ಮದರ್‌ಬೋರ್ಡಿನ ಕೈಪಿಡಿ ಮತ್ತು ತಯಾರಕರ ಜಾಲತಾಣದ ಬೆಂಬಲ ಪುಟ. ಈ ಹೋಲಿಕೆಯಲ್ಲಿ ಎಲ್ಲರಿಗಿಂತ ಮೇಲೆ ನಿಂತದ್ದು ಇದೇ. ಬೋರ್ಡ್ ಕೊಳ್ಳುವ ಮೊದಲೇ ಕೈಪಿಡಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ವೈಶಿಷ್ಟ್ಯಗಳ ಕೋಷ್ಟಕದಲ್ಲಿ, ಸ್ಲಾಟುಗಳ ವಿವರದ ಅಡಿಯಲ್ಲಿ, ನಕ್ಷತ್ರ ಚಿಹ್ನೆಯ ಮುಂದೆ ಚಿಕ್ಕ ಅಕ್ಷರಗಳಲ್ಲಿ ಇತ್ತು ನನ್ನ ಮೂರನೆಯ ಎಂ.2 ಕಥೆ: ಇಲ್ಲಿ ಎಸ್‌ಎಸ್‌ಡಿ ಕೂರಿಸಿದರೆ ಆ ಸ್ಲಾಟ್ ಕೆಲಸ ಮಾಡುವುದಿಲ್ಲ. ಬೇರೆ ಕೆಲವು ಬೋರ್ಡ್‌ಗಳಲ್ಲಿ ಹೀಗೆಯೇ ಹಾರ್ಡ್ ಡಿಸ್ಕ್ ಜೋಡಿಸುವ ಎರಡು ಸಾಟಾ ಪೋರ್ಟುಗಳು ಮಲಗಿಬಿಡುತ್ತವೆ. ಚಿಪ್‌ಸೆಟ್ ಹಂಚಬಹುದಾದ ಪಿಸಿಐಇ ಲೇನುಗಳು (ದತ್ತಾಂಶ ಓಡಾಡುವ ದಾರಿಗಳು) ಇಷ್ಟೇ ಎಂದು ನಿಗದಿಯಾಗಿರುವುದರಿಂದ ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆ ಕಡಿತವಾಗುವುದು ಸಹಜ. ಅದನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಯಾರೂ ಮುದ್ರಿಸುವುದಿಲ್ಲ.

ಬೆಂಬಲ ಪುಟದಲ್ಲಿ ಪ್ರೊಸೆಸರುಗಳ ಪಟ್ಟಿಯಿರುತ್ತದೆ. ಪ್ರತಿ ಹೆಸರಿನ ಮುಂದೆ ಯಾವ ಬಯೋಸ್ ಆವೃತ್ತಿಯಿಂದ ಅದು ಕೆಲಸ ಮಾಡುತ್ತದೆ ಎಂದು ಬರೆದಿರುತ್ತಾರೆ. ಇದು ‘ಬೇಕಾಗಬಹುದು’ ಎಂಬ ಊಹೆಯ ಮಾತಲ್ಲ, ಖಚಿತ ಆವೃತ್ತಿ ಸಂಖ್ಯೆ. ಬೋರ್ಡಿನ ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ನವೀಕರಿಸಬಹುದು; ಕಡತಕ್ಕೆ ಯಾವ ಹೆಸರಿಡಬೇಕು, ಯಾವ ಯುಎಸ್‌ಬಿ ಪೋರ್ಟಿಗೆ ಚುಚ್ಚಬೇಕು ಎಂಬುದೂ ಕೈಪಿಡಿಯಲ್ಲೇ ಇದೆ. ಮೆಮೊರಿಗೆ ಇನ್ನೊಂದು ಪಟ್ಟಿ: ತಯಾರಕರು ತಾವೇ ಪರೀಕ್ಷಿಸಿದ ಕಡ್ಡಿಗಳ ಮಾದರಿ ಸಂಖ್ಯೆ, ಎಷ್ಟು ಕಡ್ಡಿ ಹಾಕಿದಾಗ ಆ ವೇಗ ಸಿಕ್ಕಿತು ಎಂಬ ಅಂಕಣ. ನಾನು ಬರೆದಿದ್ದ ಕಡ್ಡಿಯ ಮುಂದೆ ಎರಡರ ಅಂಕಣದಲ್ಲಿ ಗುರುತಿತ್ತು, ನಾಲ್ಕರದು ಖಾಲಿ. ಪಟ್ಟಿಯಲ್ಲಿ ಇಲ್ಲದ ಮೆಮೊರಿ ಕೆಲಸ ಮಾಡುವುದೇ ಇಲ್ಲ ಎಂದಲ್ಲ, ಅವರು ಪರೀಕ್ಷಿಸಿಲ್ಲ ಎಂದಷ್ಟೇ ಅರ್ಥ.

ಕೈಪಿಡಿಯ ದೌರ್ಬಲ್ಯವೂ ಸ್ಪಷ್ಟ. ಹಿಡಿಸುತ್ತದೆಯೇ ಎಂಬುದಕ್ಕೆ ಅದು ಉತ್ತರಿಸುತ್ತದೆ, ಚೆನ್ನಾಗಿದೆಯೇ ಎಂಬುದಕ್ಕೆ ಉತ್ತರಿಸುವುದಿಲ್ಲ. ಅದೇ ತಯಾರಕರ ಜಾಹೀರಾತು ಪುಟಗಳನ್ನು ಕೈಪಿಡಿಯಷ್ಟೇ ನೆಚ್ಚಿಕೊಳ್ಳಬಾರದು. ಪವರ್ ಸಪ್ಲೈ ಮೇಲಿನ ‘80 ಪ್ಲಸ್ ಗೋಲ್ಡ್’ ಮುದ್ರೆಯನ್ನೇ ನೋಡಿ. ಅದು ವಿದ್ಯುತ್ ಎಷ್ಟು ಪೋಲಾಗದೆ ಬಳಕೆಯಾಗುತ್ತದೆ ಎಂಬುದರ ಪ್ರಮಾಣ. ಒಳಗಿನ ರಕ್ಷಣಾ ವ್ಯವಸ್ಥೆ ಗಟ್ಟಿಯೇ, ಕೆಪಾಸಿಟರುಗಳು ಬಾಳಿಕೆ ಬರುವವೇ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇಡೀ ಕಂಪ್ಯೂಟರಿಗೆ ಜೀವ ಕೊಡುವ ಭಾಗವನ್ನು ಒಂದು ಬಣ್ಣದ ಮುದ್ರೆ ನೋಡಿ ಆರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಗುಣಮಟ್ಟದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಭಾಗಗಳನ್ನು ಅಳೆದು ನೋಡುವ ವಿಮರ್ಶಕರಿಂದ. ಗೇಮರ್ಸ್ ನೆಕ್ಸಸ್, ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಮುಂತಾದ ವಾಹಿನಿಗಳನ್ನು ನಾನು ಆರಿಸಿಕೊಂಡದ್ದು ಒಂದೇ ಕಾರಣಕ್ಕೆ: ಯಾವ ಬೋರ್ಡ್, ಯಾವ ಮೆಮೊರಿ, ಯಾವ ರೆಸಲ್ಯೂಶನ್‌ನಲ್ಲಿ ಅಳೆದೆವು ಎಂದು ಹೇಳುತ್ತಾರೆ. 2022ರ ಕೊನೆಯಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡುಗಳ 12 ವೋಲ್ಟಿನ ಹೊಸ ಕನೆಕ್ಟರ್ ಕರಗುತ್ತಿದೆ ಎಂಬ ಸುದ್ದಿ ಹಬ್ಬಿದಾಗ ಎಲ್ಲೆಡೆ ಊಹೆಗಳದೇ ಅಬ್ಬರ. ಗೇಮರ್ಸ್ ನೆಕ್ಸಸ್ ತಂಡ ಕನೆಕ್ಟರುಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ತಾವೂ ಬಗೆಬಗೆಯಲ್ಲಿ ಪರೀಕ್ಷಿಸಿ, ಪೂರ್ತಿ ಒಳಕ್ಕೆ ಒತ್ತದಿರುವುದು ದೊಡ್ಡ ಕಾರಣ ಎಂದು ತೋರಿಸಿತು. ‘ಟಕ್’ ಎಂದು ಕೂರುವವರೆಗೆ ಒತ್ತಿ, ಒಂದು ಎಳೆಯಷ್ಟೂ ಸಂದು ಉಳಿದಿಲ್ಲ ಎಂದು ಬೆಳಕು ಹಿಡಿದು ನೋಡುವ ಅಭ್ಯಾಸ ನನಗೆ ಬಂದದ್ದು ಅಲ್ಲಿಂದ.

ಆದರೆ ವಿಮರ್ಶೆಯನ್ನು ಓದುವ ಕ್ರಮವಿದೆ. ಪ್ರೊಸೆಸರುಗಳ ಹೋಲಿಕೆಗೆ ಅವರು ಅತ್ಯಂತ ಬಲಶಾಲಿ ಗ್ರಾಫಿಕ್ಸ್ ಕಾರ್ಡನ್ನು 1080ಪಿ ರೆಸಲ್ಯೂಶನ್‌ನಲ್ಲಿ ಓಡಿಸುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಅಡ್ಡಿಯಾಗದೆ ಪ್ರೊಸೆಸರಿನ ಸಾಮರ್ಥ್ಯವೊಂದೇ ಕಾಣಲಿ ಎಂಬುದು ಉದ್ದೇಶ, ವಿಧಾನ ಸರಿಯಾದದ್ದೇ. ಆ ಪಟ್ಟಿಯಲ್ಲಿ ಕಾಣುವ ಅಂತರವೇ ಸಾಧಾರಣ ಕಾರ್ಡ್ ಮತ್ತು 4ಕೆ ಪರದೆಯ ಮುಂದೆ ಕುಳಿತವರಿಗೂ ಸಿಗುತ್ತದೆ ಎಂದು ತಿಳಿದರೆ ಮಾತ್ರ ಹಣ ತಪ್ಪು ಕಡೆ ಹೋಗುತ್ತದೆ. ಇನ್ನೊಂದು, ದಿನಾಂಕ. 9700ಎಕ್ಸ್‌ನ ಮೊದಲ ದಿನದ ವಿಮರ್ಶೆಗಳು ಬಂದ ಕೆಲವೇ ವಾರಗಳಲ್ಲಿ ವಿಂಡೋಸ್ 11ಕ್ಕೆ ಬಂದ ನವೀಕರಣವೊಂದು ರೈಜೆನ್‌ಗಳ ಆಟದ ವೇಗವನ್ನು ಬದಲಿಸಿತು. 2021ರಲ್ಲಿ ಕೆಲವು ಎಸ್‌ಎಸ್‌ಡಿ ತಯಾರಕರು ಹೊಗಳಿಕೆಯ ವಿಮರ್ಶೆಗಳೆಲ್ಲ ಪ್ರಕಟವಾದ ಮೇಲೆ, ಹೆಸರು ಬದಲಿಸದೆ ಒಳಗಿನ ಚಿಪ್ಪುಗಳನ್ನು ಬದಲಿಸಿದ್ದು ಬಯಲಾಯಿತು. ವಿಮರ್ಶೆ ಸುಳ್ಳಾಗಿರಲಿಲ್ಲ, ವಿಮರ್ಶಿಸಿದ ವಸ್ತುವೇ ಬೇರೆಯಾಗಿತ್ತು. ಹಾಗಾಗಿ ಪ್ರಸಿದ್ಧವಾದ ಒಂದು ಹಳೆಯ ವಿಡಿಯೊಗಿಂತ ಇತ್ತೀಚಿನ ಎರಡನ್ನು ಅಕ್ಕಪಕ್ಕ ಇಟ್ಟು ನೋಡುವುದು ವಾಸಿ. ನನ್ನ ಪಟ್ಟಿಯ ತೊಡಕುಗಳಲ್ಲಿ ಮೆಮೊರಿಯದೊಂದನ್ನು ವಿಡಿಯೊಗಳು ವಿವರಿಸಿದವು. ಉಳಿದವು ನನ್ನ ಬೋರ್ಡಿಗೆ, ನನ್ನ ಕ್ಯಾಬಿನೆಟ್ಟಿಗೆ ಸೇರಿದವು. ಅವರು ನನ್ನ ಪಟ್ಟಿಯನ್ನು ನೋಡಿಲ್ಲವಲ್ಲ.

ಮಾರಾಟ ತಾಣಗಳ ನಕ್ಷತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 8 ಜಿಬಿಯ ಕಾರ್ಡಿಗೂ 16 ಜಿಬಿಯ ಕಾರ್ಡಿಗೂ ಒಂದೇ ಪುಟದಲ್ಲಿ ಅಭಿಪ್ರಾಯಗಳು ಕಲಸಿಹೋಗಿರುತ್ತವೆ. ಬಹುತೇಕ ಹೊಗಳಿಕೆ ಪೆಟ್ಟಿಗೆ ಬೇಗ ಬಂದದ್ದಕ್ಕೆ. ಕಡಿಮೆ ನಕ್ಷತ್ರದವನ್ನು ಮಾತ್ರ ಓದಿ, ಒಂದೇ ದೂರು ಪದೇ ಪದೇ ಬರುತ್ತಿದೆಯೇ ಎಂದು ನೋಡುತ್ತೇನೆ: ಆರು ತಿಂಗಳಿಗೆ ಫ್ಯಾನ್ ಕಿರುಗುಟ್ಟಿತು, ಹೊರೆ ಬಿದ್ದಾಗ ಕಾಯಿಲ್‌ನಿಂದ ಸಿಳ್ಳೆಯಂಥ ಸದ್ದು, ಹೀಗೆ.

ಅನುಭವಿಗಳ ಪ್ರಶ್ನೋತ್ತರ ಗುಂಪುಗಳು ನನ್ನನ್ನು ಅಚ್ಚರಿಗೊಳಿಸಿದವು, ಎರಡು ದಿಕ್ಕಿನಲ್ಲೂ. ಪಟ್ಟಿ ಹಾಕಿದ ಸ್ವಲ್ಪ ಹೊತ್ತಿಗೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಬರೆದವರು ತಮಗಾಗಿ ಕೊಂಡದ್ದರ ಸಮರ್ಥನೆ. ಆ ಕಂಪನಿಯದು ಬೇಡ, ಈ ಕಂಪನಿಯದು ತಗೊಳ್ಳಿ, 1000 ವ್ಯಾಟ್‌ಗಿಂತ ಕಡಿಮೆ ಬೇಡವೇ ಬೇಡ. 65 ವ್ಯಾಟ್ ಟಿಡಿಪಿಯ (ತಯಾರಕರು ಕೊಡುವ ಉಷ್ಣದ ಅಳತೆ) ಪ್ರೊಸೆಸರಿಗೆ ಅಷ್ಟು ಏಕೆ ಎಂದು ಕೇಳಿದರೆ ಉತ್ತರವಿಲ್ಲ. ಇವುಗಳ ನಡುವೆ ಒಬ್ಬರು ಸಲಹೆಯನ್ನೇ ಕೊಡದೆ ಪ್ರಶ್ನೆ ಕೇಳಿದರು: ‘ನಾಲ್ಕು ಕಡ್ಡಿ ಏಕೆ? 64 ಜಿಬಿ ಬೇಕಿರುವ ಕೆಲಸ ಯಾವುದು? ನಿಜಕ್ಕೂ ಬೇಕಿದ್ದರೆ 32ರ ಎರಡು ಹಾಕಿ.’ ಮತ್ತೊಬ್ಬರು ಕೇಬಲ್ ಸಾಲನ್ನು ಎತ್ತಿಕೊಂಡು, ಪಟ್ಟಿಯ ಉಳಿದುದನ್ನೆಲ್ಲ ಬದಿಗಿಟ್ಟು, ಅದೊಂದನ್ನು ಮಾಡಬೇಡಿ ಎಂದು ಒತ್ತಿ ಬರೆದರು.

ಅವರು ಹೇಳಿದ್ದು ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. ಕೇಬಲ್‌ಗಳನ್ನು ಬಿಚ್ಚಿ ಜೋಡಿಸಬಹುದಾದ ಮಾಡ್ಯುಲರ್ ಪವರ್ ಸಪ್ಲೈಗಳಲ್ಲಿ ಕೇಬಲಿನ ಬೋರ್ಡಿನ ಕಡೆಯ ತುದಿಗೆ ಮಾನಕವಿದೆ, ಪವರ್ ಸಪ್ಲೈ ಕಡೆಯ ತುದಿಗೆ ಇಲ್ಲ. ಪ್ಲಗ್ ಸಲೀಸಾಗಿ ಕೂರುತ್ತದೆ, ಆದರೆ ಒಳಗಿನ ತಂತಿಗಳ ಕ್ರಮ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಮಾದರಿಯಿಂದ ಮಾದರಿಗೆ ಬೇರೆ. 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹರಿದರೆ ಹಾರ್ಡ್ ಡಿಸ್ಕ್ ಅಲ್ಲಿಗೆ ಮುಗಿಯಿತು, ಅದರೊಳಗಿನ ಚಿತ್ರಗಳೂ ಬರಹಗಳೂ ಸೇರಿ. ಯಾವ ಹೊಂದಾಣಿಕೆ ತಾಣವೂ ಹಿಡಿಯದ ಈ ತೊಡಕನ್ನು ಮುಖವನ್ನೇ ನೋಡದ ವ್ಯಕ್ತಿಯೊಬ್ಬರು ತಮ್ಮ ಸಮಯ ಕೊಟ್ಟು ತಡೆಯುತ್ತಾರೆ. ಇಂಥವರಿಗೆ ನಾನು ಋಣಿ. ಗುಂಪಿನಲ್ಲಿ ಅವರನ್ನು ಗುರುತಿಸುವುದು ಕಷ್ಟವಲ್ಲ: ಮೊದಲು ನಿಮ್ಮ ಕೆಲಸ ಏನು, ಪರದೆ ಯಾವುದು ಎಂದು ಕೇಳುತ್ತಾರೆ, ಕಾರಣ ಕೇಳಿದರೆ ಕಾರಣ ಕೊಡುತ್ತಾರೆ. ನಾವೂ ಪ್ರಶ್ನೆಯನ್ನು ಹಾಗೆಯೇ ಕೇಳಬೇಕು. ‘ಇದು ಚೆನ್ನಾಗಿದೆಯೇ?’ ಎಂದಷ್ಟೇ ಕೇಳಿದರೆ ಬರುವುದು ಅಭಿಮಾನಿಗಳ ಉತ್ತರ.

ಕೊನೆಯದು ಕೃತಕ ಬುದ್ಧಿಮತ್ತೆಯ ಸಂಭಾಷಣಾ ಸಾಧನ. ಕೇಬಲ್ ಅಪಾಯವನ್ನು ಅದು ಕೂಡಲೇ ಹೇಳಿತು, ಚೆನ್ನಾಗಿ ಹೇಳಿತು. ಲೇನುಗಳ ಪರಿಕಲ್ಪನೆಯನ್ನು ಇಷ್ಟು ತಾಳ್ಮೆಯಿಂದ ವಿವರಿಸುವ ಇನ್ನೊಂದು ಮೂಲ ನನಗೆ ಸಿಗಲಿಲ್ಲ. ಆದರೆ ಕ್ಯಾಬಿನೆಟ್ಟಿನ ಅಳತೆ ಕೇಳಿದಾಗ ತಯಾರಕರ ಪುಟದಲ್ಲಿ ಇಲ್ಲದ ಸಂಖ್ಯೆಯನ್ನು ನಿಸ್ಸಂಕೋಚವಾಗಿ ಕೊಟ್ಟಿತು. ನನ್ನ ಬೋರ್ಡಿನ ಮೂರನೆಯ ಎಂ.2 ಬಗ್ಗೆ ಯಾವ ತೊಂದರೆಯೂ ಇಲ್ಲ ಎಂದಿತು. ಕೈಪಿಡಿಯ ಆ ಪುಟವನ್ನೇ ಕೊಟ್ಟು ಮತ್ತೆ ಕೇಳಿದಾಗ ಸರಿಯಾದ ಉತ್ತರ ಬಂತು. ಹಾಗಾಗಿ ಪಠ್ಯವನ್ನು ಮುಂದಿಟ್ಟು ಅರ್ಥ ಕೇಳಲು ಅದನ್ನು ಬಳಸುತ್ತೇನೆ, ಅಳತೆ ಮತ್ತು ಮಾದರಿ ಸಂಖ್ಯೆಗಳಿಗೆ ಬಳಸುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ತೊಡಕುಗಳನ್ನು ತೆಗೆದು, 32 ಜಿಬಿಯ ಎರಡು ಕಡ್ಡಿಗಳೊಂದಿಗೆ ಕಂಪ್ಯೂಟರನ್ನು ಜೋಡಿಸಿದೆ. ಕಡ್ಡಿಗಳು ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ, ಕೈಪಿಡಿ ಹೇಳಿದಂತೆ. ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗುತ್ತವೆ, ಪರದೆ ಕಪ್ಪಾಗಿಯೇ ಇರುತ್ತದೆ. ಎಎಂ5 ಬೋರ್ಡ್‌ಗಳು ಮೊದಲ ಬಾರಿಗೆ ಹೊಸ ಮೆಮೊರಿಯನ್ನು ಪಳಗಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತವೆ. ಕಡ್ಡಿಗಳು ದೊಡ್ಡದಾದಷ್ಟೂ ಕಾಯುವುದು ಹೆಚ್ಚು. ಆಗ ಬೋರ್ಡಿನ ಅಂಚಿನಲ್ಲಿ ಡಿರ‍್ಯಾಮ್ ಎಂದು ಬರೆದ ಪುಟ್ಟ ದೀಪ ಉರಿಯುತ್ತಿರುತ್ತದೆ. ಇದು ಗೊತ್ತಿಲ್ಲದವರು ಬೋರ್ಡ್ ಕೆಟ್ಟಿದೆ ಎಂದು ನಡುವೆಯೇ ಸ್ವಿಚ್ ಆರಿಸಿ, ಎಲ್ಲವನ್ನೂ ಬಿಚ್ಚಿ, ವಾಪಸು ಕಳುಹಿಸುವುದೂ ಉಂಟು. ಕಾಲು ಗಂಟೆ ಮುಟ್ಟದೆ ಬಿಡಿ. ಆಮೇಲೂ ಪರದೆ ಬಾರದಿದ್ದರೆ ಮಾನಿಟರ್ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿನಿಂದ ತೆಗೆದು ಬೋರ್ಡಿಗೇ ಚುಚ್ಚಿ ನೋಡಿ. 9700ಎಕ್ಸ್‌ನೊಳಗೆ ಚಿಕ್ಕದೊಂದು ಗ್ರಾಫಿಕ್ಸ್ ಘಟಕವಿದೆ. ಅದರಲ್ಲಿ ಚಿತ್ರ ಬಂದರೆ ಹುಡುಕಬೇಕಾದದ್ದು ಕಾರ್ಡಿನ ಕಡೆ. ಬಾರದಿದ್ದರೆ ಒಂದೇ ಕಡ್ಡಿಯನ್ನು ಎರಡನೆಯ ಸ್ಲಾಟಿನಲ್ಲಿಟ್ಟು ಮತ್ತೆ ಕಾಯಿರಿ. ವಿಂಡೋಸ್ ಹಾಕುವ ಮೊದಲು ಬಯೋಸ್‌ನಲ್ಲಿ ಎಕ್ಸ್‌ಪೋ ಆಯ್ಕೆಯನ್ನು ಚಾಲೂ ಮಾಡಿ. ಅಲ್ಲಿಯವರೆಗೆ 6000 ಎಂದು ಬರೆದ ಮೆಮೊರಿ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ.