ಶೋರೂಂ, ಎಲೆಕ್ಟ್ರಿಷಿಯನ್, ಮನೆಯ ಮಲ್ಟಿಮೀಟರ್: ಕಾರಿನ ಕರೆಂಟ್ ತೊಂದರೆಗೆ ಯಾರು ವಾಸಿ?

ಈಗಿನ ಕಾರುಗಳಲ್ಲಿ ಎಂಜಿನ್ ಸುಲಭಕ್ಕೆ ಕೈ ಕೊಡುವುದಿಲ್ಲ. ಕೈ ಕೊಡುವುದು ಬ್ಯಾಟರಿ, ವೈರು, ಸ್ಕ್ರೀನು. ಅದರಲ್ಲೂ ಈ ತೊಂದರೆಗಳು ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಏನು ರಿಪೇರಿ ಮಾಡಿಸಬೇಕು ಅನ್ನುವುದಕ್ಕಿಂತ ಯಾರ ಹತ್ತಿರ ಹೋಗಬೇಕು ಅನ್ನುವುದೇ ದೊಡ್ಡ ತಲೆನೋವು.

ನಮ್ಮ ಮನೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗೆ ಆರು ವರ್ಷ ತುಂಬಿದೆ, ವಾರಂಟಿ ಮುಗಿದಿದೆ. ಹೋದ ಬೇಸಿಗೆಯಲ್ಲಿ ಅದಕ್ಕೆ ಒಂದರ ಹಿಂದೆ ಒಂದು ತೊಂದರೆ ಶುರುವಾಯಿತು. ಎರಡು ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್. ಸೆಲ್ಫ್ ಹೊಡೆದ ಕೂಡಲೇ ಟಚ್ ಸ್ಕ್ರೀನ್ ಕಪ್ಪಾಗಿ ಮತ್ತೆ ಮೊದಲಿಂದ ಆನ್ ಆಗುವುದು. ರಿವರ್ಸ್ ಹಾಕಿದರೆ ಕ್ಯಾಮೆರಾ ಒಮ್ಮೆ ಬರುವುದು, ಒಮ್ಮೆ ಬರದೇ ಇರುವುದು. ಸಾಲದ್ದಕ್ಕೆ ಮ್ಯಾಪ್ ನಡೆಯುವಾಗ ಸ್ಕ್ರೀನ್ ಸುಮ್ನೆ ಹ್ಯಾಂಗ್ ಆಗುವುದು.

ದಾವಣಗೆರೆಯಲ್ಲಿ ಇದಕ್ಕೆ ಇರುವ ಮೂರೂ ದಾರಿಯನ್ನು ನೋಡಿದ್ದೇನೆ. ಒಂದು ಕಂಪನಿಯ ಸರ್ವಿಸ್ ಸೆಂಟರ್. ಇನ್ನೊಂದು ಪಿ.ಬಿ. ರಸ್ತೆ ಕಡೆ ಚಿಕ್ಕ ಅಂಗಡಿ ಇಟ್ಟುಕೊಂಡಿರುವ ಹಳೆಯ ಆಟೋ ಎಲೆಕ್ಟ್ರಿಷಿಯನ್. ಮತ್ತೊಂದು ಮನೆಯಲ್ಲೇ ಮಲ್ಟಿಮೀಟರ್, ಅಂದರೆ ವೋಲ್ಟೇಜ್-ಕರೆಂಟ್ ಅಳೆಯುವ ಮೀಟರ್, ಹಿಡಿಯುವುದು. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ವೈರಿಂಗ್‌ಗೆ ಎಲೆಕ್ಟ್ರಿಷಿಯನ್, ಸಾಫ್ಟ್‌ವೇರ್‌ಗೆ ಸರ್ವಿಸ್ ಸೆಂಟರ್. ಆದರೆ ಇಬ್ಬರ ಹತ್ತಿರ ಹೋಗುವ ಮುಂಚೆ ಮೀಟರ್. ಅಳತೆ ಮಾಡದೆ ಪಾರ್ಟ್ ಬದಲಿಸಿ ಅನ್ನುವವರಿಗೆ, ಅವರು ಯಾರೇ ಆಗಿರಲಿ, ದುಡ್ಡು ಕೊಡಬೇಡಿ.

ಮೊದಲು ಹೋಗಿದ್ದು ಸರ್ವಿಸ್ ಸೆಂಟರ್‌ಗೆ. ಗಾಡಿ ಬಿಟ್ಟು ಹೋಗಿ, ಸಂಜೆ ಫೋನ್ ಮಾಡ್ತೀವಿ ಅಂದರು. ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್‌ಗೆ ಸ್ಕ್ಯಾನರ್ ಹಾಕಿ ತೊಂದರೆ ಸೂಚಿಸುವ ಕೋಡ್‌ಗಳ ಪಟ್ಟಿ ತೆಗೆದರು. ಸಂಜೆ ಬಂದ ಉತ್ತರ: "ಸರ್, ಟಚ್ ಸ್ಕ್ರೀನ್ ಸೆಟ್ ಹೋಗಿದೆ. ಪೂರ್ತಿ ಬದಲಾಯಿಸಬೇಕು. ಬ್ಯಾಟರೀನೂ ಹಾಕಿಸಿಬಿಡಿ." ಮೂವತ್ತು ಸಾವಿರದ ಮೇಲಿನ ಎಸ್ಟಿಮೇಟ್. ಬ್ಯಾಟರಿಗೆ ಮೀಟರ್ ಇಟ್ಟು ನೋಡಿದ್ರಾ ಅಂತ ಕೇಳಿದೆ. ಸ್ಕ್ಯಾನರ್‌ನಲ್ಲಿ ಬಂದಿದೆಯಲ್ಲ ಸರ್ ಅಂದರು.

ನಾನು ಒಪ್ಪಲಿಲ್ಲ, ಆದರೆ ಆ ಪಟ್ಟಿಯ ಪ್ರಿಂಟ್ ಕೇಳಿ ತಂದೆ. ನೀವೂ ತಪ್ಪದೆ ಕೇಳಿ, ಅದಕ್ಕೆ ಬೆಲೆ ಇದೆ. ಕೋಡ್‌ನ ಮೊದಲ ಅಕ್ಷರ ಪಿ ಇದ್ದರೆ ಎಂಜಿನ್-ಗೇರ್ ಕಡೆಯದು, ಬಿ ಇದ್ದರೆ ಬಾಡಿ, ಸಿ ಇದ್ದರೆ ಬ್ರೇಕು-ಸ್ಟೀರಿಂಗ್ ಕಡೆಯದು, ಯು ಇದ್ದರೆ ಕಾರಿನೊಳಗಿನ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವುದು ತಪ್ಪಿದೆ ಅಂತ. ನಮ್ಮ ಪಟ್ಟಿಯಲ್ಲಿ ಯು ಕೋಡ್‌ಗಳೇ ಜಾಸ್ತಿ, ಜೊತೆಗೆ ಬೇರೆ ಬೇರೆ ಮಾಡ್ಯೂಲ್‌ಗಳಲ್ಲಿ ವೋಲ್ಟೇಜ್ ಕಡಿಮೆ ಅನ್ನುವ ದೂರು. ಒಂದೇ ಕಾರಿನಲ್ಲಿ ನಾಲ್ಕಾರು ಕಂಪ್ಯೂಟರ್‌ಗಳು ಒಟ್ಟಿಗೇ ವೋಲ್ಟೇಜ್ ಕಡಿಮೆ ಅಂದರೆ ಅವೆಲ್ಲವೂ ಒಟ್ಟಿಗೆ ಕೆಟ್ಟಿವೆ ಅಂತಲ್ಲ, ಅವಕ್ಕೆ ಕರೆಂಟ್ ಬರುವ ದಾರಿಯಲ್ಲೇ ಏನೋ ಆಗಿದೆ ಅಂತ. ಕೋಡ್ ತೊಂದರೆ ಕಾಣಿಸಿಕೊಂಡ ಜಾಗ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ಬ್ಲೂಟೂತ್‌ನಲ್ಲಿ ಫೋನಿಗೆ ಸೇರುವ ಸಣ್ಣ ಸ್ಕ್ಯಾನರ್ ಕೊಂಡರೆ ಸಾಲದಾ ಅಂತ ಕೆಲವರು ಕೇಳುತ್ತಾರೆ. 2013ರ ಏಪ್ರಿಲ್‌ನಿಂದ ಈಚಿನ ಕಾರುಗಳಲ್ಲಿ ಓಬಿಡಿ-2 (ಕಾರು ತನ್ನ ತೊಂದರೆಯನ್ನು ತಾನೇ ಕೋಡ್ ಆಗಿ ಹೇಳುವ ವ್ಯವಸ್ಥೆ) ಕಡ್ಡಾಯ, ಹಾಗಾಗಿ ಅದು ಕೆಲಸವೇನೋ ಮಾಡುತ್ತದೆ. ಆದರೆ ಅಗ್ಗದ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಸ್ಕ್ರೀನು, ಏರ್‌ಬ್ಯಾಗ್, ಎಬಿಎಸ್ ಒಳಗೆ ಇಳಿದು ನೋಡಲು ಕಂಪನಿಯ ಸ್ಕ್ಯಾನರೇ ವಾಸಿ. ಇನ್ನೊಂದು ಮಾತು, ಕೋಡ್ ಬಂದ ಕೂಡಲೇ ಅಳಿಸಬೇಡಿ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಆರುತ್ತದೆ, ಆದರೆ ಆ ತೊಂದರೆ ಬಂದಾಗ ಎಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ಸ್ಪೀಡಲ್ಲಿತ್ತು ಅನ್ನುವ ಮಾಹಿತಿಯೂ ಅದರ ಜೊತೆಗೇ ಹೋಗುತ್ತದೆ.

ಇನ್ನು ಮೀಟರ್. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ತುಂಬಿದ್ದರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.4 ಅಂದರೆ ಸುಮಾರು ಮುಕ್ಕಾಲು. 12.0ಕ್ಕೆ ಇಳಿದರೆ ಕಾಲು ಭಾಗವಷ್ಟೇ ಉಳಿದಿದೆ. ಎಂಜಿನ್ ಓಡುವಾಗ 13.8ರಿಂದ 14.4 ಬಂದರೆ ಡೈನಮೋ ಚಾರ್ಜ್ ಮಾಡುತ್ತಿದೆ. ಈಚಿನ ಕೆಲವು ಕಾರುಗಳಲ್ಲಿ ಡೈನಮೋವನ್ನು ಕಂಪ್ಯೂಟರ್ ನಡೆಸುತ್ತದೆ, ಅಲ್ಲಿ ಈ ಅಂಕಿ ಏರಿಳಿಯುತ್ತದೆ, ಗಾಬರಿ ಬೇಡ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ನಮ್ಮದು ಹತ್ತಕ್ಕೆ ನಿಂತಿತು. ಅಲ್ಲಿಗೆ ಬ್ಯಾಟರಿ ಪೂರ್ತಿ ಹೋಗಿದೆ ಅನ್ನುವ ಮಾತು ಬಿದ್ದುಹೋಯಿತು.

ಹಾಗಾದರೆ ಸೆಲ್ಫ್ ಹೊಡೆದಾಗ ಸ್ಕ್ರೀನ್ ಯಾಕೆ ಆರುತ್ತದೆ? ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಸೀಸದ ಗೂಟದ ಮೇಲೆ, ಇನ್ನೊಂದು ಕಾರಿನ ಬಾಡಿಯ ಬಣ್ಣವಿಲ್ಲದ ಲೋಹದ ಮೇಲೆ ಇಡಿ. ಮನೆಯವರೊಬ್ಬರು ಸೆಲ್ಫ್ ಹೊಡೆಯಲಿ. ಎರಡೂ ಒಂದೇ ಅರ್ತ್ ಅಲ್ವಾ, ಹಾಗಾಗಿ ಸೊನ್ನೆಯ ಹತ್ತಿರವೇ ಇರಬೇಕು, ಅರ್ಧ ವೋಲ್ಟ್ ಅಂತೂ ದಾಟಲೇಬಾರದು. ನಮ್ಮದು ಒಂದು ವೋಲ್ಟ್ ದಾಟಿತು. ಬ್ಯಾಟರಿ ಟ್ರೇ ಕೆಳಗೆ ಅರ್ತ್ ವೈರಿನ ಬೋಲ್ಟ್ ಬಿಚ್ಚಿದರೆ ವಾಷರ್ ಕೆಳಗೆಲ್ಲ ಹಸಿರು-ಬಿಳಿ ಪುಡಿ. ಮರಳು ಕಾಗದದಲ್ಲಿ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಸ್ಕ್ರೀನ್ ಕಪ್ಪಾಗುವುದು ಅಂದೇ ನಿಂತಿತು. ಖರ್ಚು ಮರಳು ಕಾಗದದ್ದು.

ಬ್ಯಾಟರಿ ಡೌನ್ ಆಗುವುದನ್ನು ಹಿಡಿಯಲು ತಾಳ್ಮೆ ಬೇಕು. ಕಾರು ಲಾಕ್ ಮಾಡಿದ ಮೇಲೂ ಒಳಗಿನ ಕಂಪ್ಯೂಟರ್‌ಗಳು ಕೂಡಲೇ ಮಲಗುವುದಿಲ್ಲ, ಅರ್ಧ ಗಂಟೆಯಾದರೂ ಕಾಯಬೇಕು. ಎಲ್ಲವೂ ಮಲಗಿದ ಮೇಲೆ ಕಾರು ಎಳೆಯುವ ಕರೆಂಟ್ 50 ಮಿಲಿ ಆಂಪಿಯರ್ ಒಳಗಿರಬೇಕು. ಫ್ಯೂಸ್ ಕೀಳದೆಯೇ ನೋಡುವ ಉಪಾಯ ಹೀಗೆ: ಪ್ರತಿ ಫ್ಯೂಸಿನ ತಲೆಯ ಮೇಲೆ ಎರಡು ಚಿಕ್ಕ ಲೋಹದ ಚುಕ್ಕೆ ಇರುತ್ತವೆ. ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಆ ಎರಡು ಚುಕ್ಕೆ ಮುಟ್ಟಿಸಿ. ಸೊನ್ನೆ ಬಂದರೆ ಆ ಫ್ಯೂಸಿನಲ್ಲಿ ಕರೆಂಟ್ ಹರಿಯುತ್ತಿಲ್ಲ. ಏನಾದರೂ ಅಂಕಿ ಬಂದರೆ ಆ ಲೈನಿನಲ್ಲಿ ಯಾರೋ ಎಚ್ಚರ ಇದ್ದಾರೆ.

ನಮ್ಮಲ್ಲಿ ಎಚ್ಚರ ಇದ್ದದ್ದು ಡ್ಯಾಶ್‌ಕ್ಯಾಮ್. ಅದನ್ನು ಹಾಕಿಕೊಟ್ಟ ಆಕ್ಸೆಸರೀಸ್ ಅಂಗಡಿಯವರು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಸೇರಿಸುವ ಬದಲು ಯಾವಾಗಲೂ ಕರೆಂಟ್ ಇರುವ ಲೈನಿಗೆ ಸೇರಿಸಿದ್ದರು. ಅದು ಎಳೆಯುತ್ತಿದ್ದುದು ಹೆಚ್ಚುಕಮ್ಮಿ ಕಾಲು ಆಂಪಿಯರ್. ಕೇಳಲು ಕಮ್ಮಿ. ಲೆಕ್ಕ ಹಾಕಿದರೆ ದಿನಕ್ಕೆ 6 ಆಂಪಿಯರ್-ಅವರ್. ಚಿಕ್ಕ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಮೂರು ದಿನಕ್ಕೆ ಅರ್ಧ ಖಾಲಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಬೆಂದ ಬ್ಯಾಟರಿ ಆದರೆ ಅಷ್ಟಕ್ಕೇ ಸೆಲ್ಫ್ ಕೂಗುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದ್ದರೆ ಅದೂ ಹಾಗೇ ಖಾಲಿ ಆಗುತ್ತಿತ್ತು.

ಇಷ್ಟೆಲ್ಲ ಮಾಡಿದ ಮೀಟರ್ ರಿವರ್ಸ್ ಕ್ಯಾಮೆರಾದ ಹತ್ತಿರ ಸೋತಿತು. ಕ್ಯಾಮೆರಾದ ಕಪ್ಲರ್‌ನಲ್ಲಿ (ವೈರು ಸೇರಿಸುವ ಪ್ಲಗ್ಗಿನಲ್ಲಿ) 12 ವೋಲ್ಟ್ ಸರಿಯಾಗೇ ತೋರಿಸುತ್ತಿತ್ತು, ಚಿತ್ರ ಮಾತ್ರ ಇಲ್ಲ. ಇಲ್ಲಿ ಬೇಕಾಗಿದ್ದು ಎಲೆಕ್ಟ್ರಿಷಿಯನ್.

ಅವರ ಅಂಗಡಿ ಅಂದರೆ ಒಂದು ಶೆಟರ್, ಗೋಡೆ ತುಂಬ ಹಳೆಯ ರಿಲೇ, ಹಾರ್ನ್, ವೈರಿನ ಸುರುಳಿ. ಕೈಯಲ್ಲಿ ಮೀಟರ್ ಇಲ್ಲ, ಟೆಸ್ಟ್ ಬಲ್ಬ್ ಇದೆ. ಎರಡು ವೈರು, ಒಂದು ಇಂಡಿಕೇಟರ್ ಬಲ್ಬು, ತುದಿಗೆ ಸೂಜಿ. ನಾನು 12 ವೋಲ್ಟ್ ಬರ್ತಿದೆ ಅಂದೆ. "ಬರ್ತೈತಣ್ಣ, ಭಾರ ಹೊರಲ್ಲ ಅದು" ಅಂದು ಅದೇ ಜಾಗಕ್ಕೆ ಬಲ್ಬ್ ಹಿಡಿದರು. ಬಲ್ಬಿನ ತಂತಿ ಕೆಂಪಗಾಯಿತಷ್ಟೇ, ಹತ್ತಲಿಲ್ಲ.

ಇದರಲ್ಲೊಂದು ಪಾಠವಿದೆ. ಮೀಟರ್ ಹೆಚ್ಚುಕಮ್ಮಿ ಕರೆಂಟನ್ನೇ ಎಳೆಯುವುದಿಲ್ಲ. ವೈರಿನೊಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ಅಂತಲೇ ತೋರಿಸುತ್ತದೆ. ಬಲ್ಬ್ ಹಾಗಲ್ಲ, ಕರೆಂಟ್ ಎಳೆದು ನೋಡುತ್ತದೆ, ವೈರಿನಲ್ಲಿ ದಮ್ಮು ಇಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮೀಟರ್ ಬಿಡದ ಗುಟ್ಟನ್ನು ಆ ಬಲ್ಬ್ ಬಿಟ್ಟುಕೊಟ್ಟಿತು.

ಆಮೇಲೆ ಅವರು ಡಿಕ್ಕಿ ಬಾಗಿಲಿನ ಮೇಲ್ಗಡೆ, ಬಾಡಿಯಿಂದ ಬಾಗಿಲಿಗೆ ಹೋಗುವ ರಬ್ಬರ್ ಪೈಪನ್ನು ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದರು. ಒಳಗೆ ಏಳೆಂಟು ವೈರು. ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಾ ಬಂದರು. ಮೇಲಿನ ಪ್ಲಾಸ್ಟಿಕ್ ಎಲ್ಲಕ್ಕೂ ಸರಿಯಾಗಿಯೇ ಇತ್ತು. ಒಂದು ವೈರು ಮಾತ್ರ ಎಳೆದಾಗ ಚೂಯಿಂಗ್ ಗಮ್ಮಿನಂತೆ ಉದ್ದವಾಯಿತು. "ಇದೇ" ಅಂದರು. ಒಳಗಿನ ತಾಮ್ರ ಹೆಚ್ಚುಕಮ್ಮಿ ಪೂರ್ತಿ ತುಂಡಾಗಿ, ಹೊರಗಿನ ತೊಗಟೆಯೇ ಹಿಡಿದುಕೊಂಡಿತ್ತು. ಡಿಕ್ಕಿ ತೆಗೆದು ಹಾಕಿದಾಗಲೆಲ್ಲ ಅಲ್ಲೇ ಮಡಚಿ ಮಡಚಿ ವೈರು ಸವೆಯುತ್ತದೆ. ಹಿಂದಿನ ಬಾಗಿಲು ಮೇಲಕ್ಕೆ ತೆರೆಯುವ ಕಾರುಗಳಲ್ಲಿ ಇದು ತೀರಾ ಸಾಮಾನ್ಯ. ಕ್ಯಾಮೆರಾ, ಹಿಂದಿನ ವೈಪರ್, ನಂಬರ್ ಪ್ಲೇಟ್ ದೀಪ, ಡಿಕ್ಕಿ ಲಾಕ್ ಇವುಗಳಲ್ಲಿ ಯಾವುದು ಆಟ ಆಡಿದರೂ ಮೊದಲು ಈ ರಬ್ಬರ್ ಒಳಗೆ ನೋಡಿ.

ಮಧ್ಯೆ ಸ್ವಲ್ಪ ಉದ್ದ ಬಿಟ್ಟು ಹೊಸ ವೈರು ಸೇರಿಸಿ, ಬೆಸುಗೆ ಹಾಕಿ, ಮೇಲೆ ಬಿಸಿಗೆ ಬಿಗಿಯಾಗುವ ಕೊಳವೆ ಏರಿಸಿದರು. ಬೆಸುಗೆಯ ಗಂಟು ಮಡಚುವ ಜಾಗದಲ್ಲಿ ಬರದಂತೆ ಆಚೆಗೆ ಸರಿಸಿದರು, ಅದೇ ಕೆಲಸಗಾರಿಕೆ. ಕೂಲಿ ಕೆಲವು ನೂರು ರೂಪಾಯಿ. ಕೆಲಸ ನನ್ನ ಎದುರಿಗೇ ನಡೆಯಿತು. ಸರ್ವಿಸ್ ಸೆಂಟರ್‌ನಲ್ಲಿ ಸಿಗದೇ ಇದ್ದದ್ದು ಇದೇ.

ಹಾಗಂತ ಎಲ್ಲದಕ್ಕೂ ಇವರನ್ನು ನಂಬಿ ಕೂರುವುದು ಬೇಡ. ಸ್ಕ್ರೀನ್ ಹ್ಯಾಂಗ್ ಆಗುವ ವಿಷಯ ಎತ್ತಿದಾಗ ಅವರೂ "ಇದನ್ನ ತೆಗೆದು ಹೊರಗಿನ ಆಂಡ್ರಾಯ್ಡ್ ಸೆಟ್ ಹಾಕ್ಸಣ್ಣ" ಅಂದರು. ಸ್ಟೀರಿಂಗ್ ಮೇಲಿನ ಬಟನ್, ಕ್ಯಾಮೆರಾ, ಕೆಲವು ಕಾರುಗಳಲ್ಲಿ ಎಸಿ ಸೆಟ್ಟಿಂಗ್ ಕೂಡ ಮೂಲ ಸೆಟ್‌ಗೆ ಅಂಟಿಕೊಂಡಿರುತ್ತವೆ, ಹೊರಗಿನದು ಹಾಕಿದರೆ ಅವೆಲ್ಲ ಸರಿಯಾಗಿ ಕೂರುತ್ತವೆ ಅನ್ನುವ ಖಾತ್ರಿ ಇಲ್ಲ. ಟೆಸ್ಟ್ ಬಲ್ಬನ್ನೂ ಎಲ್ಲ ವೈರಿಗೆ ಚುಚ್ಚುವಂತಿಲ್ಲ. ಕಂಪ್ಯೂಟರ್‌ನ ಸಿಗ್ನಲ್ ವೈರಿಗೆ ಚುಚ್ಚಿದರೆ ಮಾಡ್ಯೂಲೇ ಸುಟ್ಟೀತು. ಹಳದಿ ಕಪ್ಲರ್, ಹಳದಿ ಕವಚದ ವೈರು ಸಾಮಾನ್ಯವಾಗಿ ಏರ್‌ಬ್ಯಾಗ್‌ನವು. ಅದರ ಹತ್ತಿರ ಯಾರನ್ನೂ ಬಿಡಬೇಡಿ, ಅದು ಸರ್ವಿಸ್ ಸೆಂಟರ್‌ನದ್ದೇ ಕೆಲಸ. ಫ್ಯೂಸ್ ವಿಷಯದಲ್ಲೂ ಗಮನ ಇರಲಿ. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಕೆಂಪು ಇದ್ದ ಜಾಗದಲ್ಲಿ ಹಸಿರು ಹಾಕಿ "ಇನ್ನು ಹೋಗಲ್ಲ" ಅನ್ನುವವರಿದ್ದಾರೆ. ಫ್ಯೂಸ್ ಹೋಗಲ್ಲ, ವೈರು ಹೋಗುತ್ತದೆ, ಬೆಂಕಿ ಹತ್ತುತ್ತದೆ.

ಹ್ಯಾಂಗ್ ಆಗುವುದಕ್ಕೆ ಮೊದಲು ನೋಡಬೇಕಾದ್ದು ಕೇಬಲ್. ಚಾರ್ಜ್ ಮಾತ್ರ ಆಗುವ ಅಗ್ಗದ ಯುಎಸ್‌ಬಿ ಕೇಬಲ್‌ನಲ್ಲಿ ಫೋನಿನ ಮ್ಯಾಪನ್ನು ಕಾರಿನ ಸ್ಕ್ರೀನಿಗೆ ತರುವ ಆಂಡ್ರಾಯ್ಡ್ ಆಟೋ ನಡೆಯುವುದೇ ಇಲ್ಲ, ಸವೆದ ಕೇಬಲ್‌ನಲ್ಲಿ ಗುಂಡಿ ಬಂದಾಗಲೆಲ್ಲ ಕಡಿದುಹೋಗುತ್ತದೆ. ಒಳ್ಳೆಯ ಗಿಡ್ಡ ಕೇಬಲ್ ಹಾಕಿದ ಮೇಲೂ ನಮ್ಮದು ಹ್ಯಾಂಗ್ ಆಗುತ್ತಲೇ ಇತ್ತು. ಆಗ ಮತ್ತೆ ಅದೇ ಸರ್ವಿಸ್ ಸೆಂಟರ್‌ಗೆ ಹೋದೆ. ಈ ಸಲ ಸೆಟ್ ಬದಲಿಸುವ ಮಾತೇ ಬೇಡ, ಸೆಟ್‌ನ ಸಾಫ್ಟ್‌ವೇರ್ ಯಾವ ವರ್ಷನ್ ಇದೆ, ಹೊಸದು ಬಂದಿದೆಯಾ ನೋಡಿ ಅಂತ ಜಾಬ್ ಕಾರ್ಡ್‌ನಲ್ಲೇ ಬರೆಸಿದೆ. ಬಂದಿತ್ತು. ಅಪ್‌ಡೇಟ್ ಮಾಡಿಕೊಟ್ಟರು, ಹ್ಯಾಂಗ್ ನಿಂತಿತು. ಈ ಕೆಲಸ ಎಲೆಕ್ಟ್ರಿಷಿಯನ್‌ಗೂ ಆಗದು, ನಮ್ಮ ಮೀಟರ್‌ಗೂ ಆಗದು. ಬರೀ "ಸ್ಕ್ರೀನ್ ಸರಿ ಇಲ್ಲ" ಅಂದರೆ ಅವರು ಎಸ್ಟಿಮೇಟ್ ಕೊಡುತ್ತಾರೆ. ಏನು ನೋಡಬೇಕು ಅಂತ ಹೇಳಿದರೆ ಅದನ್ನು ಚೆನ್ನಾಗಿಯೇ ಮಾಡುತ್ತಾರೆ.

ವಾರಂಟಿ ಇನ್ನೂ ಇರುವ ಕಾರಾದರೆ ನನ್ನ ಕ್ರಮ ಬೇರೆ. ಹೊರಗಿನವರಿಂದ ಒಂದು ವೈರನ್ನೂ ಕತ್ತರಿಸಬೇಡಿ. ಮೀಟರ್ ಅಂಕಿಗಳ ಫೋಟೋ, ಸ್ಕ್ರೀನ್ ಕಪ್ಪಾಗುವ ವಿಡಿಯೋ ತೆಗೆದಿಟ್ಟುಕೊಂಡು ಸೀದಾ ಸರ್ವಿಸ್ ಸೆಂಟರ್‌ಗೆ ಹೋಗಿ. ತೊಂದರೆ ಅವರೆದುರು ಬರದೇ ಹೋದರೂ ವಿಡಿಯೋ ಇರುತ್ತದೆ.

ದಾರಿಯಲ್ಲಿ ಕಾರು ನಿಂತಾಗ ಈ ಮೂರೂ ಹತ್ತಿರ ಇರುವುದಿಲ್ಲ. ಚಿತ್ರದುರ್ಗಕ್ಕೆ ಹೋಗುವಾಗ ಭರಮಸಾಗರದ ಆಚೆ ಈಚೆ ರಾತ್ರಿ ಹೊತ್ತು ನಿಂತರೆ ಎಲೆಕ್ಟ್ರಿಷಿಯನ್ ಎಲ್ಲಿ ಸಿಗುತ್ತಾರೆ? ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033 ಫೋನಿನಲ್ಲಿ ಇರಲಿ. ಡಿಕ್ಕಿಯಲ್ಲಿ ದಪ್ಪ ಜಂಪರ್ ಕೇಬಲ್, ನಾಲ್ಕೂ ಬಣ್ಣದ ಫ್ಯೂಸು, ಹತ್ತನೇ ನಂಬರ್ ಸ್ಪ್ಯಾನರ್ ಇರಲಿ. ಜಂಪರ್ ಹಾಕುವಾಗ ಮೊದಲು ಪ್ಲಸ್‌ಗೆ ಪ್ಲಸ್. ಕಪ್ಪು ಕೇಬಲನ್ನು ಚಾರ್ಜ್ ಇರುವ ಬ್ಯಾಟರಿಯ ಮೈನಸ್‌ಗೆ ಹಾಕಿ, ಅದರ ಇನ್ನೊಂದು ತುದಿಯನ್ನು ಡೌನ್ ಆದ ಕಾರಿನ ಬ್ಯಾಟರಿಗೆ ಕೊಡದೆ ದೂರದ ಎಂಜಿನ್ ಲೋಹಕ್ಕೆ ಹಿಡಿಸಿ. ಬ್ಯಾಟರಿ ಪಕ್ಕ ಕಿಡಿ ಹಾರಿದರೆ ಅಲ್ಲಿರುವ ಗ್ಯಾಸ್ ಹೊತ್ತಿಕೊಳ್ಳಬಹುದು. ಬ್ಯಾಟರಿಯನ್ನೇ ಬಿಚ್ಚಬೇಕಾಗಿ ಬಂದರೆ ಮೊದಲು ಮೈನಸ್ ತೆಗೆಯಿರಿ, ಹಾಕುವಾಗ ಮೈನಸ್ ಕೊನೆಗೆ.